ಖಾಲಿ ಕುರ್ಚಿಯ ದ್ವೀಪ

ತೀರ್ಥಹಳ್ಳಿಯಲ್ಲಿ ನಾನು ತಲೆಕೂದಲು ಕತ್ತರಿಸಿಕೊಳ್ಳುವ ಅಂಗಡಿಯ ಕ್ಯಾಲೆಂಡರಿನಲ್ಲಿ ಒಂದು ದ್ವೀಪವಿದೆ. ಕತ್ತರಿ ಕಿವಿಯ ಹತ್ತಿರ ಬಂದಾಗ ಕತ್ತು ಅಲ್ಲಾಡಿಸಕೂಡದೆಂಬ ನಿಯಮವಿರುವುದರಿಂದ, ಗಿರಾಕಿಯಾದವನು ಇಷ್ಟವಿರಲಿ ಬಿಡಲಿ ಕಾಲು ಗಂಟೆ ಅದರ ದರ್ಶನ ಮಾಡಲೇಬೇಕು. ನೀಲಿ ಸಮುದ್ರ, ಅಕ್ಕಿಹಿಟ್ಟಿನಂಥ ಮರಳು, ಯಾರಿಗೋ ನಮಸ್ಕಾರ ಮಾಡಲು ಬಗ್ಗಿ ಅರ್ಧಕ್ಕೇ ಮನಸ್ಸು ಬದಲಿಸಿದಂತಿರುವ ಒಂದು ತೆಂಗಿನಮರ, ಅದರ ಬುಡದಲ್ಲಿ ಪಟ್ಟೆಪಟ್ಟೆ ಬಟ್ಟೆಯ ಒಂದು ಆರಾಮಕುರ್ಚಿ. ಕುರ್ಚಿಯಲ್ಲಿ ಯಾರೂ ಇಲ್ಲ. ಚಿತ್ರ ಬರೆದವನಿಗೆ ಮನುಷ್ಯರನ್ನು ಬರೆಯಲು ಬರುತ್ತಿರಲಿಲ್ಲವೆಂದು ಅಂಗಡಿಯ ನಾಗಣ್ಣನ ಅಭಿಪ್ರಾಯ. ಆ ಕುರ್ಚಿ ನನ್ನನ್ನೇ ಕಾಯುತ್ತಿದೆಯೆಂಬುದು ನನ್ನದು.

ನಾನು ಇಲ್ಲಿಯ ಶಾಲೆಯೊಂದರಲ್ಲಿ ಭೂಗೋಳದ ಮೇಷ್ಟ್ರು. ಸುತ್ತಲೂ ನೀರಿನಿಂದ ಆವೃತವಾದ ಭೂಭಾಗವೇ ದ್ವೀಪ ಎಂದು ವರ್ಷಕ್ಕೆ ಮೂರು ತರಗತಿಗಳಿಗೆ ಹೇಳಿ ಹೊಟ್ಟೆ ಹೊರೆಯುವವನು. ಆದರೆ ಊರಿನಲ್ಲಿ ನನಗಿರುವ ಖ್ಯಾತಿ ಭೂಗೋಳದಿಂದ ಬಂದದ್ದಲ್ಲ, ಗಂಟಲಿನಿಂದ ಬಂದದ್ದು. ಮುಖ್ಯೋಪಾಧ್ಯಾಯರು ಸೀನುವ ಮೊದಲು ತೆಗೆಯುವ ಪೀಠಿಕಾರಾಗ, ಬಸ್ ಏಜೆಂಟರು ಊರುಗಳ ಹೆಸರನ್ನು ಒಂದೇ ಉಸಿರಿನಲ್ಲಿ ನುಂಗುವ ಪರಿ, ನಾಗಣ್ಣ ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡು ರಾಜಕೀಯ ಮಾತನಾಡುವ ವೈಖರಿ, ಎಲ್ಲವೂ ನನ್ನ ಕಂಠದಲ್ಲಿ ಬಿಡಾರ ಹೂಡಿವೆ. ಇಷ್ಟು ಜನ ಬಿಡಾರ ಹೂಡಿದ ಮೇಲೆ ಮನೆಯ ಯಜಮಾನನಿಗೆ ಮೂಲೆಯೂ ಸಿಗುವುದಿಲ್ಲ. ನನ್ನ ಸ್ವಂತ ದನಿ ಯಾವುದೆಂದು ಯಾರಾದರೂ ಕೇಳಿದರೆ, ಉತ್ತರವನ್ನು ಯಾರ ದನಿಯಲ್ಲಿ ಹೇಳಬೇಕೆಂದು ತಿಳಿಯದೆ ಒದ್ದಾಡುತ್ತೇನೆ.

ಹೀಗಾಗಿ ದಸರಾ ರಜೆಗೆ ಒಬ್ಬನೇ ಯಾವುದಾದರೂ ದ್ವೀಪಕ್ಕೆ ಹೋಗಿ, ಅಣಕಿಸಲು ಮನುಷ್ಯಪ್ರಾಣಿಯೇ ಇಲ್ಲದ ಕಡೆ ಹತ್ತು ದಿನ ಇದ್ದುಬರಬೇಕೆಂದು ನಿಶ್ಚಯಿಸಿದೆ. ಯಾವ ದ್ವೀಪವೆಂಬುದೇ ಪ್ರಶ್ನೆ. ಕ್ಯಾಲೆಂಡರಿನ ದ್ವೀಪಕ್ಕೆ ವಿಮಾನ ಬೇಕು, ನನಗೆ ಶಿವಮೊಗ್ಗದ ಬಸ್ಸಿನಲ್ಲೇ ವಾಂತಿ. ಮಲ್ಪೆಯ ಆಚೆ ಸಮುದ್ರದಲ್ಲೊಂದು ನಡುಗಡ್ಡೆಯಿದೆಯಂತೆ ಎಂದು ಬಸ್ ಏಜೆಂಟರನ್ನು ವಿಚಾರಿಸಿದೆ.

"ಆಗುಂಬೆ ಘಾಟಿ ಇಳ್ಸಿ ಉಡುಪಿ ಮುಟ್ಟಿಸ್ತೀನಿ ಮೇಷ್ಟ್ರೇ," ಎಂದರು ಅವರು. "ಅಲ್ಲಿಂದ ಮುಂದೆ ನೀವುಂಟು, ಮೀನುಂಟು. ಕುಡಿಯೋ ನೀರೂ ಸಿಗಲ್ಲಂತೆ ಅಲ್ಲಿ. ಅಷ್ಟಕ್ಕೂ ಒಬ್ರೇ ಎಂತಕ್ಕೆ? ಮನೇಲಿ ಜಗಳವಾ?"

"ಮನೇಲೂ ಒಬ್ನೇ," ಎಂದೆ.

"ಮತ್ತೆ ಅದಕ್ಕೆ ದ್ವೀಪ ಎಂತಕ್ಕೆ ಮಾರಾಯ್ರೆ?"

ಮಲ್ಪೆ ಅಲ್ಲಿಗೇ ಮುಗಿಯಿತು. ತುಂಗೆಯ ನಡುವಿನ ಬಂಡೆಗಳನ್ನೂ ಪರಿಶೀಲಿಸಿದೆ. ಅಲ್ಲಿ ಬೆಳಗ್ಗೆ ಬಟ್ಟೆ ಒಗೆಯುವವರು, ಸಂಜೆ ನನ್ನ ವಿದ್ಯಾರ್ಥಿಗಳು. ಮೇಷ್ಟ್ರು ಬಂಡೆಯ ಮೇಲೆ ಮೌನವಾಗಿ ಕೂತಿದ್ದರೆ ಫೇಲಾದವರಿಗೆ ಎಷ್ಟು ಸಂತೋಷವಾದೀತೆಂದು ಊಹಿಸಿ ಕೈಬಿಟ್ಟೆ.

ಓದುಗ ಮಹಾಶಯರೇ, ಇಷ್ಟು ಹೊತ್ತು ನಿಮ್ಮನ್ನು ಅಲ್ಲಿ ಇಲ್ಲಿ ಸುತ್ತಿಸಿದ್ದಕ್ಕೆ ಕ್ಷಮೆಯಿರಲಿ. ನಾನು ಹೋಗಬೇಕಾದ ದ್ವೀಪ ಯಾವುದೆಂದು ನನಗೆ ಮೊದಲ ದಿನವೇ ಗೊತ್ತಿತ್ತು. ಉಳಿದವನ್ನೆಲ್ಲ ಹುಡುಕಿದ್ದು ಅದಕ್ಕೆ ಹೋಗದಿರಲು. ಭೂಪಟದಲ್ಲಿಲ್ಲದ ಆ ದ್ವೀಪ ನನ್ನದೇ ಸೃಷ್ಟಿ. ಅದು ಅಹಂಕಾರದ ಮಾತಲ್ಲ, ಕೇಳಿ.

ನಮ್ಮ ಊರು ಬ್ಯಾಕೋಡಿನ ಕಡೆಯದು. ಶರಾವತಿಗೆ ಅಣೆಕಟ್ಟು ಕಟ್ಟುತ್ತಾರೆ, ನೀರು ಇಲ್ಲಿಯವರೆಗೆ ಬರುತ್ತದೆ ಎಂದು ಗುಡ್ಡದ ನಡುವಿಗೆ ಗುರುತಿನ ಕಲ್ಲು ನೆಟ್ಟು ಹೋದಾಗ ನನಗೆ ಇಪ್ಪತ್ತು ವರ್ಷ. ಕಲ್ಲು ನೆಡಿಸಲು ಬಂದ ಓವರ್ಸೀಯರು ಬಯಲುಸೀಮೆಯವರು. ಮೂಗಿನಲ್ಲಿ ಮಾತು, ಪ್ರತಿ ಮಾತಿನ ಬಾಲಕ್ಕೆ ಒಂದು 'ತಿಳೀತಾ'. ಅಂಥ ದನಿ ನನ್ನಂಥವನಿಗೆ ಸಿಕ್ಕರೆ ಬಿಟ್ಟೇನೆಯೆ? ಎರಡೇ ದಿನದಲ್ಲಿ ಅದು ನನ್ನ ಗಂಟಲಿಗೆ ವರ್ಗವಾಯಿತು. ಊರಿಗೆ ಊರೇ ಹೊಸನಗರದ ಆಚೆ ಸರ್ಕಾರ ಕೊಡುವ ಜಾಗದ ಪಟ್ಟಿಗೆ ಹೆಸರು ಬರೆಸುತ್ತಿತ್ತು. ಅಪ್ಪ ಮಾತ್ರ ಹೋಗಲೋ ಬಿಡಲೋ ಎಂದು ಗದ್ದೆಯಲ್ಲಿ ನಿಂತು ಗುಡ್ಡವನ್ನೂ ಕಲ್ಲನ್ನೂ ನೋಡುತ್ತಿದ್ದ. ಅವ್ವ ತೀರಿಹೋದ ಮೇಲೆ ಸಲಹೆ ಕೇಳಲು ಅವನಿಗೆ ಯಾರೂ ಇರಲಿಲ್ಲ.

ಒಂದು ಸಂಜೆ ಅಪ್ಪ ಹಳ್ಳದಲ್ಲಿ ಕೈಕಾಲು ತೊಳೆಯುತ್ತಿದ್ದಾಗ, ನಾನು ಬಿದಿರು ಮೆಳೆಯ ಹಿಂದೆ ನಿಂತು ಓವರ್ಸೀಯರ ದನಿಯಲ್ಲಿ ಹೇಳಿದೆ: "ಏನ್ರೀ ತಿಮ್ಮಪ್ಪ, ಕಲ್ಲಿಂದ ಮೇಲಕ್ಕೆ ಮನೆ ಕಟ್ಕೊಳ್ರೀ. ನೀರು ನಿಮ್ಮ ಕಾಲೂ ಮುಟ್ಟಲ್ಲ. ತಿಳೀತಾ?"

ನಗು ತಡೆಯಲು ಟವೆಲ್ಲನ್ನು ಬಾಯಿಗೆ ತುರುಕಿಕೊಂಡು ಇನ್ನೇನು ಹೊರಗೆ ಹಾರಬೇಕು, ಅಷ್ಟರಲ್ಲಿ ಅಪ್ಪ ತಲೆಗೆ ಸುತ್ತಿದ್ದ ಬಟ್ಟೆ ತೆಗೆದು, ಬಿದಿರು ಮೆಳೆಗೆ ಕೈಮುಗಿದು, "ಆಗ್ಲಿ ಸ್ವಾಮಿ" ಎಂದ.

ಕೈಮುಗಿದ ತಂದೆಯ ಎದುರಿಗೆ ಹಲ್ಲು ಕಿರಿಯುತ್ತ ಹೇಗೆ ಬರುವುದು? ನಾಳೆ ಹೇಳಿದರಾಯಿತು ಎಂದುಕೊಂಡೆ. ಆದರೆ ನಮ್ಮ ಕಡೆ ಮುಯ್ಯಾಳು ಎಂಬ ಪದ್ಧತಿಯಿದೆ. ಇವತ್ತು ನಮ್ಮ ಕೆಲಸಕ್ಕೆ ನೀವು, ನಾಳೆ ನಿಮ್ಮ ಕೆಲಸಕ್ಕೆ ನಾವು. ಅಪ್ಪ ರಾತ್ರಿಯೇ ಮನೆಮನೆಗೆ ಹೋಗಿ ಹೇಳಿಬಂದಿದ್ದ. ಬೆಳಗ್ಗೆ ನಾನು ಕಣ್ಣುಜ್ಜುತ್ತ ಏಳುವ ವೇಳೆಗೆ ಎಂಟು ಮನೆಯ ಆಳುಗಳು ನಮ್ಮ ಮಾಡಿನ ಮೇಲೆ ಕೂತು ಹಂಚು ಇಳಿಸುತ್ತಿದ್ದರು. ಅವರ ತಲೆಹೊರೆಯಲ್ಲೇ ಕಂಬ, ತೊಲೆ, ಬಾಗಿಲು, ಎಲ್ಲವೂ ಗುಡ್ಡ ಹತ್ತಿದವು. ನಾನೂ ಹಂಚು ಹೊತ್ತೆ, ದಾರಿಯುದ್ದಕ್ಕೂ ಎಲ್ಲರನ್ನೂ ಅಣಕಿಸಿ ನಗಿಸಿದೆ. ಅಪ್ಪ ಪಟ್ಟಿಯಲ್ಲಿ ಹೆಸರು ಬರೆಸಲಿಲ್ಲ.

ನೀರು ಬಂತು. ನಾನು ಹೇಳಿದ ಮಾತಿನಲ್ಲಿ ಒಂದಕ್ಷರವೂ ಸುಳ್ಳಾಗಲಿಲ್ಲ. ಅದು ನಮ್ಮ ಅಂಗಳಕ್ಕಿಂತ ಎರಡಾಳುದ್ದ ಕೆಳಗೇ ನಿಂತಿತು. ಗದ್ದೆ, ಬಾವಿ, ದಾರಿ, ಎಂಟು ಮನೆಗಳ ಅಡಿಪಾಯ, ಎಲ್ಲ ಕೆಳಗೆ. ಮೇಲೆ ನಮ್ಮ ಮನೆ ಮತ್ತು ನಾವು. ಕಲ್ಲಿನ ಲೆಕ್ಕವನ್ನು ಅಪ್ಪ ನೋಡಿದ್ದ. ದಾರಿ ಕಲ್ಲಿಗಿಂತ ಕೆಳಗಿದೆಯೆಂಬುದನ್ನು ಅವನೂ ನೋಡಲಿಲ್ಲ, ಮುಂದೆ ಭೂಗೋಳದ ಮೇಷ್ಟ್ರಾಗಲಿದ್ದ ನಾನೂ ನೋಡಲಿಲ್ಲ. ಒಂದು ಮಳೆಗಾಲ ಹೇಗೋ ಕಳೆದು ಅಪ್ಪ ಸಾಗರಕ್ಕೆ ಬಂದು ಅಕ್ಕಿ ಗಿರಣಿಯೊಂದರ ಕಾವಲಿಗೆ ಸೇರಿಕೊಂಡ. ಭೂಮಿಯಿದ್ದವನು ಗೇಟು ಕಾಯುವವನಾದ. ಅದಕ್ಕಿಂತ ಅವನನ್ನು ಕಾಡುವುದು ಮುಯ್ಯಾಳಿನ ಸಂಗತಿ. "ಎಂಟು ಮನೆಯವ್ರು ದುಡಿದು ಕೊಟ್ರು, ಒಬ್ರಿಗೂ ನಾನು ತಿರುಗಿ ದುಡೀಲಿಲ್ಲ. ಎಲ್ಲೆಲ್ಲಿ ಹೋದ್ರೋ," ಎನ್ನುತ್ತಾನೆ. ಆದರೆ ಓವರ್ಸೀಯರ ಮೇಲೆ ಅವನಿಗೆ ಎಳ್ಳಷ್ಟೂ ಕೋಪವಿಲ್ಲ. "ಆ ಮನ್ಷ ಸುಳ್ಳು ಹೇಳ್ಲಿಲ್ಲ ನೋಡು. ಮುಟ್ಟಲ್ಲ ಅಂದ್ರು, ಮುಟ್ಲೇ ಇಲ್ಲ."

ಆ ದ್ವೀಪಕ್ಕೇ ಹೋದೆ. ದಸರೆಗೆ ನೀರು ತುಂಬಿರುತ್ತದೆ. ಬೇಸಿಗೆಯಲ್ಲಾದರೆ ನನ್ನ ದ್ವೀಪಕ್ಕೆ ಮೊಣಕಾಲುದ್ದದ ಕೆಸರಿನಲ್ಲಿ ನಡೆದೇ ಹೋಗಬಹುದು. ದೋಣಿಯ ಕನ್ನಪ್ಪ ನನ್ನ ಅವಲಕ್ಕಿಯ ಗಂಟನ್ನೂ ನನ್ನನ್ನೂ ನೋಡಿ, "ಒಬ್ರೇ ಉಳೀತೀರಾ? ಅಲ್ಲೆಂತ ಇದೆ ಮೇಷ್ಟ್ರೇ?" ಎಂದ. "ಬೇಸಾಯ," ಎಂದೆ, ಅವನದೇ ದನಿಯಲ್ಲಿ. ಅವನು ಹುಟ್ಟು ಹಾಕುವುದನ್ನು ಬಿಟ್ಟು ನಕ್ಕ.

ಅಲ್ಲಿಯ ಕಡಲತೀರವೆಂದರೆ ಹಿನ್ನೀರಿನ ಕೆಂಪು ರಾಡಿ. ಅಲ್ಲಿ ತೆಂಗಿನಮರವಿಲ್ಲ, ನೀರಿನೊಳಗೆ ನಿಂತೇ ಸತ್ತ ಮರಗಳ ಸಾಲಿದೆ. ಮನೆಯ ಹಂಚು ಅರ್ಧ ಉದುರಿದೆ. ಜಗುಲಿಯಲ್ಲಿ ಕೂತು ನನ್ನ ಕೆಲಸ ಆರಂಭಿಸಿದೆ. ಕೆಲಸವೆಂದರೆ ಒಂದು ವಾಕ್ಯ ಕಲಿಯುವುದು: "ಅಪ್ಪಾ, ಬಿದಿರು ಮೆಳೆ ಹಿಂದೆ ಇದ್ದಿದ್ದು ನಾನು." ಮೊದಲನೆಯ ಸಲ ಅದು ಮುಖ್ಯೋಪಾಧ್ಯಾಯರಾಗಿ ಹೊರಬಂತು. ಎರಡನೆಯ ಸಲ ಕನ್ನಪ್ಪನಾಗಿ. ಮೂರನೆಯ ಸಲ ಓವರ್ಸೀಯರೇ ಸ್ವಯಂ ಬಂದು, ಕೊನೆಗೊಂದು 'ತಿಳೀತಾ' ಸೇರಿಸಿ ಹೋದರು. ಎರಡು ದಿನ ಹೀಗೇ ಆಯಿತು. ಮೂರನೆಯ ಬೆಳಗ್ಗೆ, ಎಲ್ಲರೂ ದಣಿದು ಹೋದ ಮೇಲೆ, ಒಂದು ದನಿ ಬಂತು. ಸಣ್ಣದು, ಒಣಕಲು, ಯಾರದೂ ಅಲ್ಲದ್ದು. ನನ್ನದೇ ಇರಬೇಕೆಂದುಕೊಂಡೆ.

ಹತ್ತು ದಿನದ ವಿಹಾರ ಮೂರಕ್ಕೆ ಮುಗಿಯಿತು. ದೂರದಲ್ಲಿ ಹೋಗುತ್ತಿದ್ದ ಕನ್ನಪ್ಪನ ದೋಣಿಗೆ ಟವೆಲ್ಲು ಬೀಸಿ ಕರೆದೆ. ದನಿ ಕೆಟ್ಟೀತೆಂಬ ಭಯದಿಂದ ದೋಣಿಯಲ್ಲಿ ತುಟಿ ಬಿಚ್ಚಲಿಲ್ಲ, ಕೇಳಿದ್ದಕ್ಕೆಲ್ಲ ತಲೆಯಾಡಿಸಿದೆ. ಕನ್ನಪ್ಪ ನನಗೇನೋ ಮೆಟ್ಟಿಕೊಂಡಿದೆಯೆಂದು ನಿರ್ಧರಿಸಿ ದೋಣಿಯ ಆ ತುದಿಗೇ ಉಳಿದ.

ಸಾಗರದ ಗಿರಣಿಯ ಗೇಟಿನ ಬಳಿ ಅಪ್ಪ ಬೆಂಚಿನ ಮೇಲಿದ್ದ. ನಾನು ಬಂದೆನೆಂದರೆ ಗಿರಣಿಯ ಹಮಾಲರು ಮೂಟೆ ಇಳಿಸಿ ಸುತ್ತ ನೆರೆಯುವುದು ವಾಡಿಕೆ. ಅಪ್ಪ ಹೆಮ್ಮೆಯಿಂದ, "ನಮ್ ಓವರ್ಸೀಯರ್ ಸಾಹೇಬ್ರದ್ದು ಮಾಡು ತಮ್ಮಾ, ಇವ್ರೂ ಕೇಳ್ಲಿ," ಎಂದ. ಪ್ರತಿಸಲವೂ ಅವನು ಕೇಳುವುದು ಅದನ್ನೇ. ನಾನು ಪಕ್ಕದಲ್ಲಿ ಕೂತು, ಮೂರು ದಿನ ದುಡಿದು ಗಳಿಸಿದ್ದನ್ನು ಖರ್ಚು ಮಾಡಿದೆ.

"ಅಪ್ಪಾ, ಬಿದಿರು ಮೆಳೆ ಹಿಂದೆ ಇದ್ದಿದ್ದು ನಾನು. ಮನೆ ಮೇಲೆ ಕಟ್ಟು ಅಂದಿದ್ದು ನಾನು."

ಅಪ್ಪ ಕಿವಿಯನ್ನು ನನ್ನತ್ತ ವಾಲಿಸಿ, ಕಣ್ಣು ಮುಚ್ಚಿ, ಬಲು ಶ್ರದ್ಧೆಯಿಂದ ಆಲಿಸಿದ. ಆಮೇಲೆ ತಲೆಯಾಡಿಸಿದ.

"ಇದು ಯಾರ ದನಿಯೋ ತಮ್ಮಾ? ನಂಗೆ ಗುರ್ತ ಸಿಗ್ಲಿಲ್ಲ. ನಮ್ಮೂರವ್ರದ್ದಂತೂ ಅಲ್ಲ."

"ನನ್ದೇ ಅಪ್ಪ."

ಹಮಾಲರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪನೂ ನಕ್ಕ. "ಇದು ಅಷ್ಟು ಚೆನ್ನಾಗಿ ಕೂರ್ಲಿಲ್ಲ ಬಿಡು. ಸಾಹೇಬ್ರದ್ದೇ ಮಾಡು."

ಮಾಡಿದೆ.

ರಜೆ ಮುಗಿದ ಮೇಲೆ ಮತ್ತೆ ನಾಗಣ್ಣನ ಅಂಗಡಿಗೆ ಹೋದೆ. "ದ್ವೀಪಕ್ಕೆ ಹೋಗ್ಬಂದ್ರಾ ಮೇಷ್ಟ್ರೇ? ಹೆಂಗಿತ್ತು?" ಎಂದು ಕೇಳಿದ. ಬಹಳ ರಮಣೀಯವಾಗಿತ್ತೆಂದು ಮುಖ್ಯೋಪಾಧ್ಯಾಯರ ದನಿಯಲ್ಲಿ ವರದಿ ಒಪ್ಪಿಸಿದೆ. ಸರದಿಗೆ ಕಾಯುತ್ತಿದ್ದ ಇಬ್ಬರು ನಕ್ಕರು. ಎದುರಿಗೆ ಅದೇ ಕ್ಯಾಲೆಂಡರು, ಅದೇ ಕುರ್ಚಿ. ಈ ಸಲ ನೋಡಿದಾಗ ಕಂಡಿತು: ಕುರ್ಚಿಯ ಪಟ್ಟೆ ಬಟ್ಟೆ ನಡುವೆ ತುಸು ಜೋತುಬಿದ್ದಿದೆ. ಅದು ಯಾರನ್ನೂ ಕಾಯುತ್ತಿಲ್ಲ. ಯಾರೋ ಬಹಳ ಕಾಲ ಕೂತಿದ್ದು, ಎದ್ದು ಹೋಗಿದ್ದಾರೆ.

ಕತ್ತರಿ ಕಿವಿಯ ಹತ್ತಿರ ಬಂತು. "ಕತ್ತು ಅಲ್ಲಾಡಿಸ್ಬೇಡಿ," ಎಂದ ನಾಗಣ್ಣ. ನಾನು ಅಲ್ಲಾಡಿಸಲಿಲ್ಲ.