ಶಿಯೋಬಾರಾ ಅವರ ಜೊಲ್ಲು ಹೇಳದೆ ಹೋದದ್ದು

ಈದಾ ಪಟ್ಟಣದ ನಮ್ಮ ಡಿಪೋದಲ್ಲಿ ಮೂವತ್ತೊಂದು ವರ್ಷ ಬಸ್ಸು ಓಡಿಸಿದ ಶಿಯೋಬಾರಾ ಅವರು ರಜೆ ಕೇಳಿದ್ದನ್ನು ಯಾರೂ ಕಂಡಿಲ್ಲ. ರಜೆ ಕೇಳುವುದೆಂದರೆ ನಮ್ಮ ಪಾಳಿಯನ್ನು ಇನ್ನೊಬ್ಬರ ತಲೆಗೆ ಕಟ್ಟುವುದು. ನಮ್ಮ ಜನಕ್ಕೆ ಅದಕ್ಕೆ ಬಾಯೇ ಬರುವುದಿಲ್ಲ.

ಹೋದ ವರ್ಷ ಕಂಪನಿಯವರು ಒಂದು ಪುಟ್ಟ ಯಂತ್ರ ಕಳಿಸಿದರು. ಬೆಳಗಿನ ಹಾಜರಿಯಲ್ಲಿ ಚಾಲಕರು ಕಾಗದದ ಪಟ್ಟಿಯೊಂದನ್ನು ಅರ್ಧ ನಿಮಿಷ ನಾಲಗೆಯಡಿ ಇಟ್ಟುಕೊಂಡು ಕೊಡಬೇಕು. ಮನಸ್ಸಿಗೆ ಒತ್ತಡವಿದ್ದರೆ ಜೊಲ್ಲಿನಲ್ಲಿ ಅಮೈಲೇಸ್ ಎಂಬ ಪ್ರೋಟೀನು ಏರುತ್ತದಂತೆ, ನೆಮ್ಮದಿಯಿದ್ದರೆ ಇಳಿಯುತ್ತದಂತೆ. ಮೂರು ದಿನ ಸತತ ಏರಿದವರಿಗೆ ಕೇಳದೆಯೇ ರಜೆ. ಪಟ್ಟಿ ಇಸಿದುಕೊಂಡು ಅಂಕಿ ನೋಡುವ ಕೆಲಸ ನನ್ನದು.

"ಇಷ್ಟು ದಿನ ಬೆವರು ಹಿಂಡಿದ್ರು, ಈಗ ಜೊಲ್ಲಿಗೂ ಬಂದ್ರು ನೋಡಿ," ಎಂದು ಉಳಿದವರು ನಗಾಡಿದರು. ಶಿಯೋಬಾರಾ ನಗಲಿಲ್ಲ. ಅವರ ಹೆಂಡತಿ ಯಾಯೊಯಿ ಆಸ್ಪತ್ರೆಯಲ್ಲಿ ದಿನ ಎಣಿಸುತ್ತಿದ್ದರು. ತಮ್ಮ ಬಾಯಿಂದ ಕೇಳಲಾಗದ ರಜೆಯನ್ನು ಆ ಯಂತ್ರವಾದರೂ ಕೊಡಿಸೀತೆಂದು ಅವರು ಕಾಯುತ್ತಿದ್ದರು. ನನ್ನ ಮಂಡೆಗೆ ಅದು ಹೊಳೆಯಲೇ ಇಲ್ಲ.

"ಇವತ್ತೆಷ್ಟು ಬಂತು?" ಎಂದು ದಿನಾ ಕೇಳುತ್ತಿದ್ದರು.

"ಹದಿನಾಲ್ಕು. ನಿಮ್ಮಷ್ಟು ನೆಮ್ಮದಿ ಈ ಡಿಪೋದಲ್ಲಿ ಯಾರಿಗೂ ಇಲ್ಲ ಬಿಡಿ," ಎಂದೆ ಒಮ್ಮೆ. ನನ್ನ ಬಾಯಿಗೆ ಮಣ್ಣು ಹಾಕ. ಮ್ಯಾನೇಜರ್ ಕೂಡ ಅಂಕಿ ನೋಡಿ, "ಗಟ್ಟಿ ಜೀವ, ತಡ್ಕೊಂಡಿದೆ," ಎಂದು ಸುಮ್ಮನಾದರು.

ಯಂತ್ರ ಬಂದ ಇಪ್ಪತ್ತನೆಯ ದಿನ, ಶಿಯೋಬಾರಾ ಅವರ ಬಸ್ಸು ಬೆಟ್ಟದ ದಾರಿಯಲ್ಲಿದ್ದಾಗ ಯಾಯೊಯಿ ತೀರಿಕೊಂಡರು. ಆಗ ಹತ್ತಿರ ಇದ್ದದ್ದು ನರ್ಸ್ ಒಬ್ಬರೇ.

ಆಮೇಲೆ, ಯಂತ್ರದ ಜೊತೆ ಬಂದಿದ್ದ ಹಾಳೆಯನ್ನು ಮೊದಲ ಸಲ ಪೂರ್ತಿ ಓದಿದೆ. ಪಟ್ಟಿ ಇಡುವ ಮುನ್ನ ಏನನ್ನೂ ಕುಡಿಯಬಾರದು, ಜೊಲ್ಲು ತೆಳುವಾದರೆ ಅಂಕಿ ಇಳಿದುಬಿಡುತ್ತದೆ ಎಂದಿತ್ತು. ಬಂದವರ ಕೈಗೆ ಮೊದಲು ಬಿಸಿ ಚಹಾ ಕೊಡುವುದು ನನ್ನ ಹನ್ನೆರಡು ವರ್ಷದ ಅಭ್ಯಾಸ. ಬೇರೆಯವರು ಅರ್ಧ ಕುಡಿದು ಇಡುತ್ತಿದ್ದರು. ಶಿಯೋಬಾರಾ ಅವರಿಗೆ, ಪಾಪ ಎಂದು, ನಿಂತು ಎರಡು ಲೋಟ ಕುಡಿಸುತ್ತಿದ್ದೆ.

ಅವರ ಮನೆಗೆ ಹೋಗಿ, ಹಣೆ ಚಾಪೆಗೆ ತಾಗುವಂತೆ ಬಗ್ಗಿ ಎಲ್ಲ ಹೇಳಿದೆ. ಬೈಯಲಿ ಎಂದು ಕಾದೆ.

"ಆ ಹಾಳೆ ಮೊದಲ್ನೇ ದಿನಾನೇ ಓದಿದ್ದೆ, ತೊಮೊಯೆ ಅವ್ರೇ."

"ಮತ್ಯಾಕೆ ಕುಡಿದ್ರಿ?"

"ನೀವು ಅಷ್ಟು ಅಕ್ಕರೆಯಿಂದ ಕೊಡ್ತಿದ್ರಿ. ಬೇಡ ಅನ್ನೋದು ಹೇಗೆ, ಹೇಳಿ."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.