ಆಲೆಮನೆಯ ಹೆಂಚು, ಪಟ್ಟಣದ ಬಾಗಿಲು

ತೊಂಬತ್ತರ ದಶಕದಲ್ಲಿ ನಮ್ಮ ಸೀಮೆಗೆಲ್ಲ ಮೌಲ್ಡ್ ತಾರಸಿಯ ಹುಚ್ಚು ಹಿಡಿದಿತ್ತು. ಕಂಬ, ತೊಲೆ, ಹೆಂಚು ಎಲ್ಲವನ್ನೂ ಕೆಡವಿ ಬೀದಿಗೆಸೆಯುವುದು, ಆ ಜಾಗದಲ್ಲಿ ಸಿಮೆಂಟಿನ ಡಬ್ಬ ಕಟ್ಟುವುದು, ಬೇಸಿಗೆಯಲ್ಲಿ ಅದರೊಳಗೆ ಬೇಯಲಾರದೆ ಬೇವಿನ ಮರದಡಿ ಮಂಚ ಹಾಕಿಕೊಂಡು ಮಲಗುವುದು. ಇದಕ್ಕೆ ಮುಂದುವರಿಯುವುದು ಎಂದು ಹೆಸರು. ನಾಗಮಂಗಲದ ಕಡೆಯ ನನ್ನ ಮಾವ ಹೀಗೆ ತುಂಬಾ ಮುಂದುವರಿದವರು.

ಹೆಂಡತಿ ಚೊಚ್ಚಲ ಹೆರಿಗೆಗೆ ಅವರ ಮನೆಗೆ ಹೋಗಿದ್ದಳು. ಹೆಣ್ಣು ಮಗು ಹುಟ್ಟಿತು. ನೋಡಲು ಹೋದರೆ ಮಾವ ಊಟಕ್ಕೆ ಮೊದಲೇ ಮಾತು ಬಡಿಸಿದರು.

"ನಿನ್ ಮನೆ ಸೋರ್ತದೆ ಕಣಪ್ಪ. ಮೌಲ್ಡ್ ಆಕ್ಸು, ಕಳಿಸ್ತೀನಿ. ಇಲ್ದಿದ್ರೆ ತಾಯಿ ಮಗು ಇಲ್ಲೇ ಇರ್ಲಿ, ನೀನು ಅಬ್ಬಕ್ಕೆ ಬಂದು ಉಂಡ್ಕಂಡು ಓಗು."

"ಸೋರ್ದಂಗೆ ಮಾಡ್ತೀನಿ ಮಾವ. ಮೌಲ್ಡ್ ಮಾತ್ರ ಆಕ್ಸಲ್ಲ."

"ಅದೆಂಗೆ ಮಾಡೀಯೆ, ನೋಡೇ ಬುಡ್ತೀನಿ."

ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಸಾಕಿದವನು ನಾನು. ಆದರೆ ಸಂತೆಬಾಚಹಳ್ಳಿ ಸುತ್ತಮುತ್ತ ನನ್ನಷ್ಟು ಟ್ರಾಕ್ಟರು ದುಡಿಸುವವನು ಯಾರಿದ್ದ? ಕಬ್ಬು ಹೊತ್ತು ಪಾಂಡವಪುರದ ಸಕ್ಕರೆ ಕಾರ್ಖಾನೆಗೆ ಹೋದರೆ ವಾಪಸ್ಸು ಬರುವಾಗ ಟ್ರೈಲರು ಖಾಲಿ. ಖಾಲಿ ಟ್ರೈಲರು ಗಡಗಡ ಅನ್ನುವುದು ಕೇಳಿದರೆ ನನಗೆ ಹೊಟ್ಟೆ ಉರಿಯುತ್ತಿತ್ತು.

ದಾರಿಯಲ್ಲಿ ಒಬ್ಬರು ಆಲೆಮನೆಗೆ ಶೀಟು ಹಾಕಿಸುತ್ತಿದ್ದರು. ಇಳಿಸಿದ ಹೆಂಚನ್ನೆಲ್ಲ ಒಡೆದು ಗುಂಡಿಗೆ ತುಂಬುವವರಿದ್ದರು. "ಆ ಗುಂಡಿಗೆ ಮಣ್ಣು ತಂದ್ಕೊಡ್ತೀನಿ, ಹೆಂಚು ನನ್ ಟ್ರೈಲರಿಗೆ ತುಂಬಿ" ಅಂದೆ. ವ್ಯಾಪಾರ ಮುಗಿಯಿತು. ವರ್ಷಗಟ್ಟಲೆ ಬೆಲ್ಲದ ಹೊಗೆ ಕುಡಿದ ಹೆಂಚು, ಒಳಮೈಯೆಲ್ಲ ಡಾಂಬರು ಬಳಿದಂತೆ ಕಪ್ಪು. ನನ್ನ ಮಾಡಿಗೆ ಹೊದಿಸಿದ ಮೇಲೆ, ಬಿಸಿಲು ಏರಿದರೆ ಮನೆಯೆಲ್ಲ ಬೆಲ್ಲದ ವಾಸನೆ. ಇರುವೆಗಳು ಸಾಲುಗಟ್ಟಿ ಮಾಡು ಹತ್ತುತ್ತಿದ್ದವು, ಏನೂ ಸಿಗದೆ ನನ್ನನ್ನು ಬೈದುಕೊಂಡು ಇಳಿಯುತ್ತಿದ್ದವು. ಗೋಡೆಗೂ ನಾನು ಹೊಸದೇನೂ ತರಲಿಲ್ಲ. ಬಿದ್ದಿದ್ದ ಗೋಡೆಯ ಮಣ್ಣನ್ನೇ ನೆನೆಹಾಕಿ, ಹುಲ್ಲು ಸೇರಿಸಿ ತುಳಿದೆ.

ಬಾಗಿಲು ಸಿಕ್ಕಿದ್ದು ಶ್ರೀರಂಗಪಟ್ಟಣದಲ್ಲಿ, ಕೆಡವುತ್ತಿದ್ದ ಒಂದು ಮನೆಯ ಮುಂದೆ. ಚೌಕಟ್ಟು ಸಮೇತ ಜೋಡಿ ಬಾಗಿಲು. ಮೇಲಿನ ಪಟ್ಟಿಯಲ್ಲಿ ಲಕ್ಷ್ಮಿ, ಆಚೆಗೊಂದು ಈಚೆಗೊಂದು ಸೊಂಡಿಲೆತ್ತಿದ ಆನೆ. ಕೆತ್ತನೆ ಇರುವುದು ಬೀದಿ ಕಡೆಯ ಮುಖಕ್ಕೆ, ಒಳಮುಖ ಬೋಳು. ಅಷ್ಟು ಚೆಂದದ ಲಕ್ಷ್ಮಿಯನ್ನು ಬೀದಿಗೆ ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ.

"ತಿರುಗ್ಸಿ ನಿಲ್ಸಿ ಆಚಾರ್ರೇ. ಮುಖ ಒಳಕ್ಕೆ ಬರ್ಲಿ."

ಆಚಾರಿ ಬಾಚಿ ಕೆಳಗಿಟ್ಟರು. "ಅಂಗ್ ನಿಲ್ಸುದ್ರೆ ಬಾಗ್ಲು ಆಚೆಗೆ ತೆರೀತದೆ ಗೌಡ್ರೇ. ಎಲ್ಲಾರ ಉಂಟಾ?"

"ತೆರೀಲಿ ಬುಡಿ. ಎದ್ರುಗಡೆ ಸಾರಾಯಿ ಅಂಗಡಿ ಅದೆ. ಬೆಳಗೆದ್ದು ಆ ಮುಖಗಳ್ನ ನೋಡೋಕೆ ಲಕ್ಷ್ಮಿ ಏನ್ ಪಾಪ ಮಾಡವ್ಳೆ? ಒತ್ಕಂಡು ಬಂದೋನು ನಾನು, ನನ್ ಮನೆ ನೋಡ್ಲಿ."

"ಯಾರಾರ ಕೇಳುದ್ರೆ ನನ್ ಹೆಸ್ರು ಮಾತ್ರ ಏಳ್ಬೇಡಿ" ಎಂದು ತಿರುಗಿಸಿ ನಿಲ್ಲಿಸಿದರು.

ಒಂದು ಮಧ್ಯಾಹ್ನ ಮಾವ ಹೇಳದೆ ಕೇಳದೆ ಬಂದರು. ನಾನು ಅಡುಗೆಮನೆಯಲ್ಲಿ ಮೊಣಕೈವರೆಗೆ ಮಣ್ಣು ಮೆತ್ತಿಕೊಂಡು, ಹಾಡು ಹೇಳಿಕೊಂಡು ಗೋಡೆ ಸಾರಿಸುತ್ತಿದ್ದೆ. ಅವರು ಬಾಗಿಲು ತಳ್ಳಿದರು. ತೆರೆಯಲಿಲ್ಲ. ಭುಜ ಕೊಟ್ಟು ತಳ್ಳಿದರು. ಒಳಗೆ ಹಾಡು ಮಾತ್ರ ನಿಲ್ಲಲಿಲ್ಲ.

"ಮಾವ ಬಂದವ್ನೆ ಅಂತ ಅಗುಳಿ ಆಕ್ಕಂಡು ಹಾಡ್ ಏಳ್ತಾವ್ನೆ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದರು.

"ಎಳೀರಿ ಯಜಮಾನ್ರೇ, ಎಳೀರಿ!" ಎಂದರು ಸಾರಾಯಿ ಅಂಗಡಿಯವರು.

"ಕುಡ್ದಿದ್ದೀಯ, ಸುಮ್ಕೆ ಬಿದ್ಕಳ್ಲಾ" ಎಂದು ಬೈದು ಮಾವ ಬಸ್ಸಿನ ಕಡೆಗೆ ನಡೆದೇಬಿಟ್ಟರು. ಆ ಗದ್ದಲ ಕೇಳಿ ನಾನು ಮಣ್ಣುಗೈಯಲ್ಲೇ ಓಡಿ, ಅಡ್ಡ ನಿಂತು, ವಿಷಯ ತಿಳಿಸಿ ಕರೆತಂದೆ. ಬಂದವರು ಇದ್ದ ಸಿಟ್ಟನ್ನೆಲ್ಲ ಹಾಕಿ ಬಾಗಿಲು ಎಳೆದರು. ಅದು ನೆಟ್ಟಗೆ ಬಂದು ಅವರ ಹಣೆಗೇ ಬಡಿಯಿತು. ಸಾರಾಯಿ ಅಂಗಡಿಗೆ ಅವತ್ತು ಹಬ್ಬ.

ಹಣೆ ಉಜ್ಜಿಕೊಳ್ಳುತ್ತಲೇ ನಡುಮನೆಯಲ್ಲಿ ಕೂತು ಮಾಡು ನೋಡಿದರು. "ಹತ್ತು ಮ್ಯಾಕೆ. ನೀರು ಸುರಿ. ಒಂದು ಹನಿ ಬೀಳ್ಲಿ, ಆಮೇಲೆ ಮಗಳ ಮಾತೇ ಎತ್ಬೇಡ."

ಬಿಂದಿಗೆ ಹೊತ್ತು ಏಣಿ ಹತ್ತಿ ಸುರಿದೆ. ಮತ್ತೆ ಇಳಿದೆ, ತುಂಬಿಸಿದೆ, ಹತ್ತಿದೆ, ಸುರಿದೆ. ಕೆಳಗಿನಿಂದ ಗೆದ್ದವರ ಕೂಗು ಬಂತು. "ಸೋರ್ತು! ಸೋರ್ತು!"

ಇಳಿದು ನೋಡಿದರೆ ಅವರ ಬಿಳಿ ಅಂಗಿಯ ಮೇಲೆ ಕಾಡಿಗೆಯ ಬೊಟ್ಟಿನಂಥ ಒಂದೇ ಒಂದು ಕರಿ ಹನಿ. ನನ್ನ ಮಾಡು ಸೋತಿತ್ತು. ಬಾಯಿ ಮಾತ್ರ ಸೋಲಲಿಲ್ಲ.

"ಅದೇನ್ ಮಹಾ ಮಾವ. ಮ್ಯಾಕ್ ಬನ್ನಿ, ಎಲ್ಲಿ ಸೋರ್ತದೆ ತೋರಿಸ್ತೀನಿ."

ಪಂಚೆ ಎತ್ತಿ ಕಟ್ಟಿ ಅವರೂ ಹತ್ತಿದರು. ಒಂದು ಹೆಂಚು ಬೆರಳಗಲ ಜಾರಿತ್ತು. ನಾನು ಕೈ ಚಾಚುವ ಮೊದಲೇ ಅವರೇ ಹೆಬ್ಬೆರಳಿನಲ್ಲಿ ಒತ್ತಿ ಕೂರಿಸಿದರು. ಕೆಳಗಿಳಿದು ಕೂತು, ಮತ್ತೆ ಸುರಿಸಿದರು. ಬೀಳಲಿಲ್ಲ. ಇನ್ನೂ ಸುರಿಸಿದರು. ಬೀಳಲಿಲ್ಲ.

ನಾನು ಇಳಿದು ಬಂದೆ. ಮಾವ ಹೆಬ್ಬೆರಳಿನ ಮಸಿಯನ್ನು ಪಂಚೆಗೆ ಒರೆಸಿಕೊಂಡರು.

"ನಮ್ ಮೌಲ್ಡೂ ಸೋರ್ತದೆ ಕಣಪ್ಪ. ಎಲ್ಲಿಂದ ಅಂತ್ಲೇ ಗೊತ್ತಾಯ್ತಿಲ್ಲ. ಟಾರು ಬಳುದ್ರೂ ನಿಲ್ಲಲ್ಲ. ಮಳೆ ಬಂದ್ರೆ ನಿಮ್ಮತ್ತೆ ಮಂಚ ಮೂಲೆಯಿಂದ ಮೂಲೆಗೆ ಎಳೀತಾ ಇರ್ತಾಳೆ."

"ಅಂಗಾರೆ ಇಷ್ಟ್ ದಿನ ನನ್ ಮಗು ಅಲ್ಲಿ ನೆನೀತಾ ಇತ್ತಾ?"

"ಬಾಯ್ ಮುಚ್ಕಳಪ್ಪ ಸಾಕು. ಸೋಮವಾರ ಕಳಿಸ್ತೀನಿ."

ಸೋಮವಾರ ಹೆಂಡತಿ ಬಂದಳು. ಮಗುವನ್ನು ಎದೆಗವಚಿಕೊಂಡು ಸೊಂಟದಲ್ಲಿ ಬಾಗಿಲು ತಳ್ಳಿದಳು. "ಎಳೀಯವ್ವ, ಎಳಿ!" ಎಂದು ಇಡೀ ಸಾರಾಯಿ ಅಂಗಡಿ ಒಟ್ಟಿಗೆ ಕೂಗಿತು. ಒಳಗೆ ಬಂದವಳು ತಿರುಗಿ ತಲೆಯೆತ್ತಿ ನೋಡಿದಳು.

"ಏನ್ರೀ ಇದು, ಲಕ್ಷ್ಮಿ ಒಳಕ್ಕೆ ಬಂದು ಕೂತವ್ಳೆ?"

"ನಿನ್ಗಿಂತ ಮುಂಚೇನೆ ಬಂದ್ಳು. ಅವಳಪ್ಪ ತಕರಾರು ಮಾಡ್ನಿಲ್ಲ."

ಅವಳು ಮಗುವಿನ ಕುಲಾವಿ ಬಿಚ್ಚಿ ಎಡಗಡೆಯ ಆನೆಯ ಸೊಂಡಿಲಿಗೆ ನೇತುಹಾಕಿ, ನೀರು ಕಾಯಿಸಲು ಒಳಗೆ ಹೋದಳು.