ಛತ್ರಿಯ ಕಡ್ಡಿ, ಕಾರಿನ ಪಟ್ಟಿ

ಹಳೆಯ ಕಾರುಗಳ ಮಗ್ಗುಲಲ್ಲಿ ಉದ್ದಕ್ಕೂ ಓಡುವ ಹೊಳೆಯುವ ಪಟ್ಟಿಯನ್ನು ನೀವು ನೋಡಿರುತ್ತೀರಿ. ಅದನ್ನು ಹಿಡಿದು ನಿಲ್ಲಿಸಿದ ಕ್ಲಿಪ್ಪನ್ನು ನೋಡಿರಲಾರಿರಿ. ಕಿರುಬೆರಳಿನ ಉಗುರಿನಷ್ಟು ಅದರ ಗಾತ್ರ. ಪಟ್ಟಿಯ ಬೆನ್ನಿಗೆ ಅಡಗಿ, ತಗಡಿನ ತೂತಿನೊಳಗೆ ಕಾಲೂರಿ, ಬಿಸಿಲೆನ್ನದೆ ಧೂಳೆನ್ನದೆ ದುಡಿಯುವ ಈ ಬಡಪಾಯಿಯನ್ನು ಹೊಗಳಿದವರನ್ನು ನಾನು ಈವರೆಗೆ ಕಂಡಿಲ್ಲವಾದ್ದರಿಂದ ಆ ಕೆಲಸ ನನ್ನ ಪಾಲಿಗೆ ಬಂದಿದೆ.

ಔರಾದಿನಲ್ಲಿ ಹೊಸದಾಗಿ ಶಿಕ್ಷಕಿಯಾಗಿ ಸೇರಿ ಚಿಕ್ಕಪ್ಪ-ಚಿಕ್ಕಮ್ಮನ, ಅಂದರೆ ನಮ್ಮ ಕಾಕಾ-ಕಾಕುವಿನ ಮನೆಯಲ್ಲಿದ್ದೆ. ಕಾಕಾ ಬಾಡಿಗೆಗೆ ಓಡಿಸುತ್ತಿದ್ದ ಬಿಳಿ ಅಂಬಾಸಿಡರನ್ನು ನಾವು ಮುದಿ ಗಾಡಿ ಎಂದರೆ, ಅವರು "ಖಾನದಾನಿ ಗಾಡಿ" ಎಂದು ತಿದ್ದುತ್ತಿದ್ದರು. ಮೇಲಿಂದ ಮೇಲೆ ಮುಂಗಾರು ಕೈಕೊಟ್ಟ ವರ್ಷಗಳವು. ಎಕಂಬಾ, ಡಾಬಕಾ ಕಡೆಯ ಮನೆಮಂದಿ ಗಂಟುಮೂಟೆ ಕಟ್ಟಿ, ಕಾಕಾನ ಗಾಡಿಯಲ್ಲಿ ಭಾಲ್ಕಿಯ ಸ್ಟೇಶನ್ನಿಗೆ ಹೋಗಿ ಪುಣೆಯ ಕಡೆಯ ರೈಲು ಹತ್ತುತ್ತಿದ್ದರು. ಬಂಡಿಗೆ ಹೇರು ಬಿಗಿದು ಪಳಗಿದ ಕೈಗಳು ಅವರವು. ಬಂಡಿಯ ಮಗ್ಗುಲಲ್ಲಿ ಹಗ್ಗ ಸಿಕ್ಕಿಸಲು ಗೂಟವಿದ್ದ ಮೇಲೆ ಕಾರಿಗೂ ಇದ್ದೇ ಇರಬೇಕಲ್ಲ! ಕಾರಿನ ನೆತ್ತಿಯ ಮೇಲಿನ ಗಂಟಿನ ಹಗ್ಗವನ್ನು ಇಳಿಬಿಟ್ಟು, ಪಟ್ಟಿಯ ಹಿಂದೆ ತೂರಿಸಿ, ಕಾಲು ಕೊಟ್ಟು ಜಗ್ಗಿ ಬಿಗಿಯುತ್ತಿದ್ದರು. ಊರು ಬಿಡುವವರಿಗೆ ಕಾಕಾ ಒಮ್ಮೆಯೂ ಬೇಡವೆನ್ನಲಿಲ್ಲ. ಕ್ಲಿಪ್ಪುಗಳು ಒಂದೊಂದಾಗಿ ಪ್ರಾಣ ಬಿಟ್ಟು, ಕೊನೆಗೆ ಪಟ್ಟಿ ಜೋತುಬಿತ್ತು.

ಅಷ್ಟರಲ್ಲೇ ಡಾಬಕಾದ ಅಂಬವ್ವ ತನ್ನ ಸೊಸೆಯನ್ನು ಕಾಕಾನ ಬಳಿಗೆ ಕಳಿಸಿದಳು. ದೊಡ್ಡ ಕುರಿಹಿಂಡಿನ ಒಡತಿ ಅಂಬವ್ವ. ಮೇವಿಲ್ಲದೆ ಹಿಂಡು ಮಾರಿಯಾಗಿತ್ತು, ಮಗ ಪುಣೆಯಲ್ಲಿ ಕಟ್ಟಡದ ಕೆಲಸ ಹಿಡಿದಿದ್ದ. ಅತ್ತೆಯ ಮಾತನ್ನು ಸೊಸೆ ಹೇಳಿದ್ದು ಹೇಳಿದಂತೆ ಒಪ್ಪಿಸಿದಳು: "ಟೆಂಪೋದಾಗ ಕುರಿ ತುಂಬಿದಂಗ ನನ್ನ ತುಂಬಬ್ಯಾಡ್ರಿ. ಊರು ಬಿಡ್ತೇನಿ, ಖರೆ ತಲಿ ತಗ್ಗಿಸಿ ಬಿಡಂಗಿಲ್ಲ. ಕಾರು ಬಂದ್ರ ಬರ್ತೇನಿ, ಇಲ್ಲಾಂದ್ರ ಇಲ್ಲೇ ಕುಂದರ್ತೇನಿ." ಬಾವಿ ಬತ್ತಿದ ಊರಿನಲ್ಲಿ ಅವಳೊಬ್ಬಳೇ ಉಳಿದರೆ ಏನಾಗುತ್ತದೆಂಬುದು ಎಲ್ಲರಿಗೂ ಗೊತ್ತಿತ್ತು.

ಕಾಕಾ ಗಾಡಿಯ ಸುತ್ತ ಒಂದು ಸುತ್ತು ಹಾಕಿದರು. "ಇಂಥಾ ಹರಕ ಗಾಡಿ ಒಯ್ದು ಅಕಿ ಬಾಗಲದಾಗ ಹ್ಯಾಂಗ ನಿಲ್ಲಸಲಿ?"

"ಕುಡೀಲಾಕ ನೀರಿಲ್ಲ, ನಿಮ್ಮ ಗಾಡಿಗಿ ದಾಗೀನಾ ಬೇಕೇನ್ರಿ?" ಎಂದು ಕಾಕು ರೇಗಿದರು.

ಬೀದರಿನ ಅಂಗಡಿಗಳಲ್ಲಿ ಆ ಕ್ಲಿಪ್ಪು ಸಿಗಲಿಲ್ಲ. ಮಾಮೂಲಿ ತಂತಿ ಬಗ್ಗಿಸಿ ಹಾಕಿದರೆ ಅದು ಬಗ್ಗಿದಲ್ಲೇ ಮಲಗಿತು. ಬಗ್ಗಿಸಿದರೂ ಪುಟಿದೇಳುವ ಉಕ್ಕು ಬೇಕಿತ್ತು. ಮೂಲೆಯಲ್ಲಿ ಕಾಕು ತವರಿನಿಂದ ತಂದ ಛತ್ರಿ ತೂಗುತ್ತಿತ್ತು. ಕಾಕಾನ ಕಣ್ಣು ಅದರ ಕಡ್ಡಿಗಳ ಮೇಲೆ ಬಿತ್ತು.

"ಮಳಿ ಬಂದ್ರ ಹ್ಯಾಂಗ್ರಿ?" ಎಂದರು ಕಾಕು.

"ಬರ್ಲಿ ಬಿಡು, ಇಬ್ರೂ ಕೂಡಿ ತೊಯ್ಸಿಕೊಳ್ಳೂಣು."

ಸಿಟ್ಟಾಗಲು ಹೋದ ಕಾಕುವಿಗೆ ನಗು ಬಂತು. ಛತ್ರಿಯ ಬಟ್ಟೆಯನ್ನು ತಾವೇ ಬಿಚ್ಚಿಕೊಟ್ಟರು. ಕಾಕಾ ಕಡ್ಡಿಗಳನ್ನು ತುಂಡರಿಸಿ, ಇಕ್ಕಳದಲ್ಲಿ ಬಗ್ಗಿಸಿ ತೂತುಗಳಿಗೆ ಕೂರಿಸಿದರು. ಕೆಲವು ಮುರಿದವು, ಒಂದು ಸಿಡಿದು ಅವರ ಗಲ್ಲಕ್ಕೇ ಬಡಿಯಿತು. ಮೇಲಿಂದ ಪಟ್ಟಿಯನ್ನಿಟ್ಟು ಅಂಗೈಯಿಂದ ಒತ್ತಿದಾಗ ಟಕ್ಕೆಂದು ಕಚ್ಚಿ ಕೂತ ಆ ಸದ್ದಿಗೆ ನಾವು ಮೂವರೂ ಮಕ್ಕಳಂತೆ ಹಿಗ್ಗಿದೆವು. ಬರಗಾಲದಲ್ಲಿ ಮನುಷ್ಯ ಮೊದಲು ಕೈಬಿಡುವುದು ಮರ್ಯಾದೆಯನ್ನು ಎಂದು ಓದಿದವರು ಹೇಳುವುದನ್ನು ಕೇಳಿದ್ದೇನೆ. ಅವರು ನನ್ನ ಕಾಕಾ ಕಾಕುವನ್ನು ನೋಡಿಲ್ಲ. ಇಂಥವರ ಮನೆಯಲ್ಲಿ ಅನ್ನ ಉಂಡೆನೆಂಬುದೇ ನನಗೆ ಇಂದಿಗೂ ಹೆಮ್ಮೆ.

ಅಂಬವ್ವನನ್ನು ಕರೆದೊಯ್ಯುವ ದಿನ ಶಾಲೆಗೆ ರಜೆ. ನಾನೂ ಜೊತೆಗೆ ಹೋದೆ. ಡಾಬಕಾದಲ್ಲಿ ಕಾಕಾ ಇಳಿದು ಅಂಬವ್ವನಿಗೂ ಸೊಸೆಗೂ ಹಿಂದಿನ ಬಾಗಿಲು ತೆರೆದು ಹಿಡಿದರು. ಊರು ದಾಟುವವರೆಗೆ ಅಂಬವ್ವ ಎರಡೂ ಬದಿಗೆ ನಿಂತವರಿಗೆ ಕೈಮುಗಿಯುತ್ತ ನೆಟ್ಟಗೆ ಕೂತಿದ್ದಳು. ಭಾಲ್ಕಿಯಲ್ಲಿ ಇಳಿದವಳು ಸ್ಟೇಶನ್ನಿನ ಕಡೆ ಹೋಗದೆ ಕಾರಿನ ಮಗ್ಗುಲಿಗೆ ಬಗ್ಗಿದಳು. ಎರಡು ಬೆರಳಗಲದ ಪಟ್ಟಿಯಲ್ಲಿ ಇಡೀ ಮುಖ ಹಿಡಿಯುವುದೆಲ್ಲಿ, ಹಣೆಯಷ್ಟೇ ಕಂಡಿತು. ಹಣೆಯ ಧೂಳು ಒರೆಸಿ, ಸೆರಗನ್ನು ತಲೆಯ ಮೇಲೆ ಸರಿಪಡಿಸಿಕೊಂಡು ಕಾಕಾನ ಕಡೆ ತಿರುಗಿದಳು.

"ತಮ್ಮಾ, ಬೀಗರ ಮನಿಗಿ ಕಳಿಸಿದಂಗ ಕಳಿಸಿದಿ ನೋಡಪಾ."

ಸೊಸೆಯನ್ನು ಕರೆದುಕೊಂಡು ತಲೆಯೆತ್ತಿ ಒಳಗೆ ನಡೆದಳು. ಕಾಕಾ ಪಟ್ಟಿಯ ಮೇಲಿನ ಧೂಳು ಒರೆಸಿ, ಅಂಗೈಯಿಂದ ಅದನ್ನು ಇನ್ನೊಮ್ಮೆ ಒತ್ತಿ ನೋಡಿದರು.